ಕಾಲಂ ನಾಲ್ಕು

ಬೋರಿವಲಿ ತಹಶೀಲ್ ಕಚೇರಿಯ ಗೋಡೆಗೆ ಒತ್ತಿ
ನನ್ನ ಮೇಜು, ಮೆಶೀನು, ಕಡ್ಡಿ ಮುರಿದ ಛತ್ರಿ.
ಇಪ್ಪತ್ತೆರಡು ವರ್ಷದಿಂದ ಕಂಡವರ ಅರ್ಜಿ ಕುಟ್ಟುತ್ತೇನೆ.
ಸೋಮವಾರ ಬಂದಳು ಲಾಡಕಿ ಭುರಕುಡ್,
ಹಿಂದೆ ಹನ್ನೊಂದು ಹೆಂಗಸರು,
ಬಳೆಯೊಳಗೆ ಬಸ್ಸಿನ ಟಿಕೆಟು ಸುರುಳಿ ಸುತ್ತಿ ಸಿಕ್ಕಿಸಿಕೊಂಡು.
'ತಾಯೀ' ಅಂದಳು.
ಅವಳ ಮಾತಿನಲ್ಲಿ ಅದು ಅಕ್ಕ.
ನನ್ನದರಲ್ಲಿ ಏನೆಂದು ಹೇಳಲು ಹೋಗಲಿಲ್ಲ.

ಹೆಸರಾಯಿತು. ಪಾಡೆಯ ಹೆಸರಾಯಿತು. ವಯಸ್ಸು?
'ಮೊದಲ ಬೇಲಿ ಹಾಕಿದಾಗ ಅವ್ವನ ಬೆನ್ನ ಮೇಲಿದ್ದೆ,
ಎರಡನೆಯದಕ್ಕೆ ಬಸುರಿ. ಇದು ಮೂರನೆಯದು.'
ಐವತ್ತೆಂಟು ಎಂದು ಬಡಿದೆ.

ಕಾಲಂ ನಾಲ್ಕು: ಭೂಮಿ ನಿಮ್ಮದೆನ್ನಲು ಪುರಾವೆ.
ಅರ್ಧ ಇಂಚಿನ ಜಾಗ.
ಹನ್ನೆರಡೂ ಬಾಯಿ ಒಟ್ಟಿಗೆ ತೆರೆದವು.
ಒಬ್ಬಳು ಸೀರೆ ಎತ್ತಿ ಮೊಣಕಾಲ ಕೆಳಗಿನ ಕಲೆ ತೋರಿಸಿದಳು,
ಕಳಲೆ ಕಡಿಯುವಾಗ ಕುಡುಗೋಲು ಜಾರಿದ್ದು,
ಇಂಥ ಹಳ್ಳ, ಇಂಥ ಬಂಡೆ.
ಇನ್ನೊಬ್ಬಳು ಮಗನ ಹೊಕ್ಕುಳಬಳ್ಳಿ ಹೂತ ಮಾವಿಗೆ
ಈಗ ಬಿಳಿ ಬಣ್ಣದಲ್ಲಿ ನಂಬರು, ನಾನೂರ ಹದಿನೇಳು.
'ಬಿಳಿ ನಮ್ಮಲ್ಲಿ ಮದುವೆಯ ಗೋಡೆಗೆ' ಅಂದಳು ಮುದುಕಿ,
ಅಷ್ಟೇ ಅಂದಳು.
ಮೂರು ರಾತ್ರಿ ಗರಗಸಕ್ಕೂ ಮರಕ್ಕೂ ನಡುವೆ ಕೂತಿದ್ದರಂತೆ.
ಕಾವಲಿಗೆ ಬಂದ ಪೊಲೀಸ್ ಹುಡುಗಿ ಇವರದೇ ಗಂಜಿ ಕುಡಿದು
ಬೆಳಗಾದ ಮೇಲೆ ಇವರನ್ನೇ ವ್ಯಾನು ಹತ್ತಿಸಿದಳಂತೆ.
'ಪಾಪ, ಹೊಸ ನೌಕರಿ.'

ನನ್ನ ಬೆರಳು ನಿಂತಿತು.
ನಾನಿರುವ ಕಟ್ಟಡದ ಹೆಸರು ವನಶ್ರೀ.
ಐದನೇ ಮಹಡಿಯ ಅಡುಗೆಮನೆ ಕಿಟಕಿಯಿಂದ
ಅವರ ಪಾಡೆಯ ಒಂದು ದೀಪ ಕಾಣುತ್ತದೆ.
ನನ್ನನ್ನು ಯಾರೂ ಪುರಾವೆ ಕೇಳಿರಲಿಲ್ಲ,
ಗಂಡನ ಪಿ.ಎಫ್. ಚೆಕ್ಕು ಪಾಸಾದರೆ ಸಾಕಿತ್ತು.

'ಲಗತ್ತಿಸಿದೆ' ಎಂದು ಟೈಪು ಮಾಡಿದೆ.
ಲಾಡಕಿ ಸೆರಗಿನ ಗಂಟು ಬಿಚ್ಚಿ
ಒಂದು ಕಟ್ಟು ಟಾಕಳಾ ಇಟ್ಟಳು ಕಾಗದದ ಮೇಲೆ.
ನಮ್ಮೂರ ಚಗಟೆ ಸೊಪ್ಪು. ಮೊದಲ ಮಳೆಯ ಎಳೆಯದು,
ಬೇರಿನಲ್ಲಿ ಇನ್ನೂ ಮಣ್ಣು.

ಒಳಗಿನಿಂದ ಗುಮಾಸ್ತನ ದನಿ:
'ಇದನ್ನಿಟ್ಟುಕೊಂಡು ಏನು ಮಾಡಲಿ? ಸಾತ್‌ಬಾರಾ ತನ್ನಿ.'
ಏಳು ಹನ್ನೆರಡು. ಆ ಉತಾರೆ ಇಲ್ಲದ ನೆಲ
ಇಲ್ಲಿ ನೆಲವೇ ಅಲ್ಲ.

ಸೊಪ್ಪು ನಾನೇ ಮನೆಗೆ ಒಯ್ದೆ.
ಕಾಯಿತುರಿ ಕಡಿಮೆಯಾಗಿ ಕಹಿ ಹಾಗೇ ಉಳಿಯಿತು.

ಗುರುವಾರ, ನಾನು ಛತ್ರಿ ಬಿಚ್ಚುವ ಮೊದಲೇ ಅವಳು.
ಹಿಂದೆ ಗೇಟಿನ ತನಕ ಸಾಲು.
'ಅವತ್ತು ಹನ್ನೆರಡು ಜನ ಇದ್ದೆವು.
ಇವತ್ತು ಏಳು ಜನ ಕೂಡಿಕೊಂಡರು.
ತಂದಿದ್ದೇವೆ. ಬರೆದುಕೋ, ತಾಯೀ.'