ಖಾಲಿ ವಜನ

ಅಕ್ಕಲಕೋಟದ ಆಚೆ, ಸಕ್ಕರಿ ಕಾರ್ಖಾನಿ ಗೇಟಿನೊಳಗ
ನನ್ನ ಖೋಲಿಗೆ ಒಂದೇ ಕಿಟಕಿ, ಕಿಟಕಿಗೆ ಒಂದೇ ನೋಟ:
ಕಾಟಾದ ಮ್ಯಾಲ ಬಂದು ನಿಂದರುವ ಗಾಲಿ.
ದೀಪಾವಳಿಯಿಂದ ಹೋಳಿತನಕ
ಒಂದು ವಾರ ಹಗಲಪಾಳಿ, ಒಂದು ವಾರ ರಾತ್ರಿಪಾಳಿ.

ಹೇಳತೀನಿ, ನಗಬ್ಯಾಡ್ರಿ.
ಕಾಟಾ ಏರಿದ ಕೂಡಲೆ ಡ್ರೈವರರು ಉಸಿರು ಹಿಡೀತಾರ,
ಬಿಟ್ಟರ ಎರಡು ಕಿಲೊ ಕಮ್ಮಿ ಆದೀತು ಅನ್ನೂಹಂಗ.

ಬಾಡಗಿ ಟನ್ನಿನ ಲೆಕ್ಕ. ಅದಕ್ಕ ಕಬ್ಬು
ಟ್ರಾಲಿಯ ಹಲಗಿ ದಾಟಿ, ಹಗ್ಗ ದಾಟಿ,
ಊರೊಳಗ ಕರೆಂಟಿನ ತಂತಿ ಕಂಡರ ತಲಿ ಬಗ್ಗಸಬೇಕು, ಅಷ್ಟು.
ಟ್ರಾಲಿ ಮಾಡಿದ ವೆಲ್ಡರ ಬದಿಗೆ ಬರದಿರತಾನ,
ಎಡಕ್ಕ ಮರಾಠಿ, ಬಲಕ್ಕ ಕನ್ನಡ:
ಭಾರ ಆರು ಟನ್.
ರವದಿ ಜೋತುಬಿದ್ದು ಎರಡೂ ಭಾಷೆ ಮುಚ್ಚತದ.
ನನ್ನ ಪರದೆ ಮ್ಯಾಲ ಹನ್ನೊಂದು ಬರತದ, ಹನ್ನೆರಡು ಬರತದ,
ನಾ ಚೀಟಿ ಹರದು ಕೊಡತೀನಿ.
ನನ್ನ ಯಂತ್ರಕ್ಕ ‘ಎಷ್ಟು’ ಗೊತ್ತದ,
‘ಸಾಕು’ ಗೊತ್ತಿಲ್ಲ.
ನನ್ನ ಪಗಾರಕ್ಕೂ ಗೊತ್ತಿಲ್ಲ.

ಮೊನ್ನೆ ನಡುರಾತ್ರಿ ಧರೆಪ್ಪ ಬಂದ,
ಎರಡು ಟ್ರಾಲಿಯ ಮನಷ್ಯಾ, ಒಂದೇ ಎಳಕೊಂಡು.
‘ಹಿಂದಿಂದು ಎಲ್ಲಿ ಮಾರಿಬಂದ್ಯೋ?’
ಸಾಲಿನ್ಯಾಗ ಬೀಡಿ ಹಚ್ಚಿದವರೆಲ್ಲಾ ನಕ್ಕರು.
ಆಂವ ಕಿಟಕಿಗೆ ಬಂದು ನೀರು ಕೇಳಿದ.
ತಂಬಗಿ ಹಿಡದ ಕೈ ನಡಗತಿತ್ತು.

‘ದಿನ್ನಿ ಏರಿನ್ಯಾಗ, ಅಕ್ಕಾ, ಮುಂದಿನ ಗಾಲಿ ನೆಲಾ ಬಿಟ್ಟವು.
ಒಂದು ಗೇಣು, ಹೆಚ್ಚಿಲ್ಲ.
ಸ್ಟೇರಿಂಗು ತಿರವಿದೆ, ತಿರಗತು,
ಖರೆ ಅದಕ್ಕ ಕೆಳಗ ಏನೂ ಇರಲಿಲ್ಲ.
ಬಾವಿ ಒಳಗ ಹಗ್ಗ ಬಿಟ್ಟಿರತೀವಿ,
ಕೊಡ ಕಳಚಿದ್ದು ಕೈಗೆ ತಿಳೀತದ ನೋಡು,
ಹಂಗ.’

ಗಾಲಿ ಮತ್ತ ನೆಲಕ್ಕ ಬಿದ್ದವಂತ.
ಹುಡುಗ ಮೈಬೂಬ ಜಿಗದು ಹೊಲದ ಬದುವಿನ ಕಲ್ಲು ತಂದು
ಹಿಂದಿನ ಗಾಲಿಗೆ ಕೊಟ್ಟ.
ಧರೆಪ್ಪ ಪಿನ್ನು ಬಡದು ತಗದು
ಹಿಂದಿನ ಟ್ರಾಲಿ ಅಲ್ಲೇ ಬಿಟ್ಟ,
ಮೈಬೂಬನ್ನ ಕಂದೀಲ ಕೊಟ್ಟು ಕೂಡಿಸಿ ಬಂದ.

ಮುಕಾದಮ ಮರಾಠಿಲೆ ಬೈದ, ಡೀಸೆಲ್ಲಿನ ಲೆಕ್ಕಾ ತಗದ.
ಧರೆಪ್ಪ ಕನ್ನಡದಾಗ ಕೇಳಿಸಿಕೊಂಡ,
ಅಂದರ ಕೇಳಿಸಿಕೊಳ್ಳಲಿಲ್ಲ.
ಒಮ್ಮೆ ಮಾತ್ರ ಅಂದ:
‘ಏರಿನ್ಯಾಗ ನಾ ಅದಕ್ಕ ಮಾಲಕ, ಸಾಹೇಬ.
ಇಳಕಲದಾಗ ಅದು ನನಗ.
ಆ ಕಡೆ ದಿನ್ನಿ ಇಳದಮ್ಯಾಲ ಸಾಲಿ ಅದ.’
ಬೆಳಗಿನ ಜಾವಕ್ಕ ಎರಡನೇದನ್ನೂ ತಂದ.
ಪಾಳಿ ನಂಬರ ಹೋಗಿತ್ತು. ಮಧ್ಯಾಹ್ನದತನಕ ಬಿಸಲಾಗ ನಿಂತ.

ಈಗ ಆಂವನ ಕಬ್ಬು ಹಲಗಿ ದಾಟೂದಿಲ್ಲ.
ಬದಿಗಿನ ಅಕ್ಷರ ಕಾಣತಾವ,
ಸುಣ್ಣದಂಗ ಬೆಳ್ಳಗ, ‘ಟನ್’ ಅನ್ನೂದರಾಗ ಒಂದು ಒತ್ತು ತಪ್ಪದ.

ನಿನ್ನೆ ಕಬ್ಬು ಇಳಿಸಿ ತಿರಗಿ ಕಾಟಾಕ್ಕ ಬಂದ.
ಖಾಲಿ ವಜನ ಮೂವತ್ತನಾಲ್ಕು ಕಿಲೊ ಹೆಚ್ಚು.
ನಾ ಕಿಟಕಿಯಿಂದ ಬಗ್ಗಿ ನೋಡಿದೆ:
ಸರಪಳಿ ಹಾಕಿ ಕಟ್ಟಿದ್ದ,
ಒಡದ ಬೀಸೂಕಲ್ಲಿನ ಎರಡು ಹೋಳು,
ಗಾಲಿಗೆ ಕೊಡಾಕ.

‘ಇದನ್ನ ಯಾರಿಗೆ ತೂಗಲಿ?’ ಅಂದೆ.
‘ನನಗ ತೂಗು,’ ಅಂದ,
ಕಾಟಾದ ಮ್ಯಾಲೇ ಕುಂತು ಉಸಿರು ಬಿಟ್ಟ.
ಅಂಕಿ ಅಲಗಲಿಲ್ಲ.
ಹಿಂದಿನವ ಹಾರ್ನ ಹೊಡದ.