ಕಪ್ಪೆ ತೂಕ

ಲೂಟನ್. ಬೆಳಗಿನ ಜಾವ ಮೂರೂವರೆ.
ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಗದ,
ಒಂದು ವಿಲ್ನಿಯಸ್ಸಿನದು, ಒಂದು ಬುಡಾಪೆಸ್ಟಿನದು,
ನಡುವೆ ಡೆಲಿತ್ ತಿಂದು ಬಿಟ್ಟ ಟೋಸ್ಟು.

ಎರಡೇ ವರ್ಷಕ್ಕೆ ಎಡಗಡೆಯ ಸೀಟು, ಅನ್ನುತ್ತದೆ ವಿಲ್ನಿಯಸ್.
ಎರಡರ ನೆತ್ತಿಯ ಮೇಲೊಂದು ಪುಟ್ಟ ನಕ್ಷತ್ರ;
ಅದರ ಅರ್ಥ ಪುಟದ ಬುಡದಲ್ಲಿ, ಇರುವೆಯಂಥ ಅಕ್ಷರದಲ್ಲಿ.
ಬುಡಾಪೆಸ್ಟಿನಲ್ಲಿ ಹಾರಿದಷ್ಟು ಗಂಟೆಗೆ ಕಾಸು.
ಚಳಿಗಾಲದಲ್ಲಿ ಎಷ್ಟು ಹಾರಿಸುತ್ತೀರಿ ಎಂದರೆ
ಫೋನಿನಲ್ಲಿ ಹೆಂಗಸೊಬ್ಬಳು ನಕ್ಕಳು,
ಚೆನ್ನಾಗಿಯೇ ನಕ್ಕಳು.

ಸಂಬಳವನ್ನು ಹಿಡಿದು ತಕ್ಕಡಿಗಿಟ್ಟರೆ
ಲೈಸೆನ್ಸು ಹೊರಗೆ ಜಿಗಿಯುತ್ತದೆ
(ನನ್ನದು ಬ್ರಿಟನ್ನಿನದು, ಕಡಲು ದಾಟಿದರೆ ಮತ್ತೆ ಪರೀಕ್ಷೆ).
ಅದನ್ನು ಹಿಡಿದರೆ, ತರಬೇತಿಯ ಸಾಲ.
ಸಾಲವೂ ಕೂತಿತು ಅನ್ನುವಾಗ ಡೆಲಿತ್ ಮೆಟ್ಟಿಲ ಮೇಲಿಂದ,
'ಅಲ್ಲಿಗೆ ಬೆಕ್ಕನ್ನು ಒಯ್ಯಲು ಬಿಡುತ್ತಾರಾ?'

ಮೊನ್ನೆ ಆಲಿಕಾಂಟೆಯಿಂದ ಮರಳುವಾಗ
ಕ್ಯಾಪ್ಟನ್ ಟ್ರೆವೆಲ್ಯನ್ ಹೇಳಿದರು:
ನಾನಿದ್ದಾಗಲೇ ಮೂರು ಕಂಪನಿ ಮುಳುಗಿದವು,
ಟೋಪಿ ಬದಲಾಯಿತು, ತಲೆ ಅದೇ.
ಇನ್ನೇನೋ ಹೇಳಲಿಕ್ಕಿತ್ತು ಅವರಿಗೆ.
'ಚಕ್ರ ಇಳಿಸು' ಅಂದರು.

ದಿನಾ ನೂರೆಂಬತ್ತು ಜನರ ತೂಕ ಬರೆದ ಹಾಳೆ
ನನ್ನ ಕೈಗೆ ಬರುತ್ತದೆ.
ಯಾರನ್ನೂ ಯಾರೂ ತೂಗಿರುವುದಿಲ್ಲ.
ಗಂಡಸಿಗೆ ಇಷ್ಟು, ಹೆಂಗಸಿಗೆ ಇಷ್ಟು, ಮಗುವಿಗೆ ಇಷ್ಟು,
ಬರೀ ಅಂದಾಜು.
ಆ ಅಂದಾಜಿನ ಮೇಲೇ
ನೆಲ ಬಿಡುತ್ತೇವೆ.

ಹೊರಗೆ ಟ್ಯಾಕ್ಸಿಯ ದೀಪ ಗೋಡೆಯ ಮೇಲೆ ಹರಿದಾಡಿತು.
ಎರಡೂ ಕಾಗದ ಮಡಚಿ ಟೋಪಿಯೊಳಗಿಟ್ಟೆ.
ಬೆಕ್ಕು ಮೇಜು ಹತ್ತಿ
ಟೋಸ್ಟು ಮೂಸಿ ನೋಡಿ
ಬೇಡವೆಂದು ಇಳಿಯಿತು.