ಮೂವತ್ತೊಂದನೇ ಚೀಟಿ

ಕೋಲಾರದ ಕೋರ್ಟಿನ ದಾಖಲೆ ಕೋಣೆಯಲ್ಲಿ
ಈ ತಿಂಗಳು ನನ್ನ ಕೆಲಸ ಹಳೆಯದನ್ನು ಸಾಯಿಸುವುದು.
ಸುತ್ತೋಲೆ ಬಂದಿದೆ: ಇಡತಕ್ಕದ್ದು ಇಡಿ, ಸುಡತಕ್ಕದ್ದು ಸುಡಿ,
ನಡುವಿನದಕ್ಕೆ ಒಂದು ಷರಾ ಬರೆಯಿರಿ.
ಮೂಗಿಗೆ ಸೆರಗು ಸುತ್ತಿ ಕೂತಿದ್ದೇನೆ.
ಕಿಟಕಿಯಾಚೆ ಅಂತರಗಂಗೆಯ ಬಂಡೆಗಳು,
ಸಾಕ್ಷಿಗೆ ಕರೆಸಿ ಮರೆತುಬಿಟ್ಟವರ ಹಾಗೆ.

ಹನ್ನೆರಡನೇ ಬೀರುವಿನ ತಳದಲ್ಲಿ ಒಂದು ತಗಡಿನ ಡಬ್ಬ,
ಮುಚ್ಚಳದಲ್ಲಿ ಪುಟ್ಟ ಕೈ ಹೋಗುವಷ್ಟು ಸೀಳು.
ಚೇಳಮ್ಮನ ಗುಡಿಯ ಹುಂಡಿ ನೆನಪಾಗಿ
ಕೈ ಹಾಕದೆ, ಅಲ್ಲಾಡಿಸಿ ನೋಡಿದೆ.
ಸದ್ದಿಲ್ಲ.

ಜೊತೆಗೊಂದು ಕಡತ: 'ಜ್ಯೂರಿ ಆಯ್ಕೆಯ ಬಗ್ಗೆ'.
ಇಸವಿಯಿದ್ದ ಮೂಲೆಯನ್ನು ಇಲಿ ತಿಂದಿದೆ.
ಶಿರಸ್ತೇದಾರರ ದುಂಡಕ್ಷರ:
ಕಂದಾಯ ಕಟ್ಟುವವನಿರಬೇಕು. ಮರ್ಯಾದಸ್ಥನಿರಬೇಕು,
ಮರ್ಯಾದೆ ಎಷ್ಟೆಂಬುದನ್ನು ಅಮಲ್ದಾರರು ಹೇಳತಕ್ಕದ್ದು.
ಚೀಟಿ ಎತ್ತುವವನಿಗೆ ಮಾತ್ರ ಓದು ಬರಕೂಡದು.
ಹಾಗಾಗಿ ಜವಾನ ಪಿಳ್ಳಪ್ಪನ ಮಗ ಬರುತ್ತಿದ್ದ,
ಒಂದು ಕಡಲೆಕಾಯಿ ಉಂಡೆಯ ಆಸೆಗೆ.
ಅವನು ಶಾಲೆಗೆ ಸೇರಿದ ವರ್ಷ ಷರಾ ಇದೆ:
'ಇವನಿಂದ ಇನ್ನು ಪ್ರಯೋಜನವಿಲ್ಲ. ಬೇರೆ ಹುಡುಗನನ್ನು ನೋಡುವುದು.'

ನಲವತ್ತೆಂಟು ಹೆಸರು. ಕೆಂಪು ಶಾಯಿ ಹೊಡೆದುಹಾಕಿದ್ದು ಹಲವು.
ಅಬ್ಬಯ್ಯಶೆಟ್ಟಿ: ಎಡಗಿವಿ ಕೇಳಿಸದು, ಬಲಗಿವಿ ಬಾಮೈದನದು.
ವೇಮಗಲ್ಲಿನ ಚೌಡರೆಡ್ಡಿ: ಫಿರ್ಯಾದಿಯ ಷಡ್ಡಕ.
ಮಸ್ತಾನ್ ಸಾಬ್: ರೇಷ್ಮೆಹುಳು ನಾಲ್ಕನೇ ಜ್ವರದಲ್ಲಿದೆ, ಬಿಟ್ಟು ಬರಲಾರರು.
ಶ್ಯಾನುಭೋಗ ನರಹರಿಯಪ್ಪ: ತೀರಿಕೊಂಡಿದ್ದಾರೆ,
ಆಮೇಲೂ ಎರಡು ಸಲ ರುಜು ಹಾಕಿದ್ದಾರೆ. ವಿಚಾರಿಸುವುದು.

ಹೆಣ್ಣಿನ ಹೆಸರು ಇಡೀ ಕಡತದಲ್ಲಿ ಒಂದೇ,
ಅದು ಆರೋಪಿಯ ಸಾಲಿನಲ್ಲಿ. ಗಂಗುಲಮ್ಮ.
ಗಂಡನ ಮುದ್ದೆಯಲ್ಲಿ ಕಣಗಲೆ ಬೇರು.

ಒಂಬತ್ತು ಜನರನ್ನು ಒಳಗೆ ಬಿಟ್ಟು ಬೀಗ ಹಾಕಿದರು.
ಬಾಗಿಲ ಜವಾನ ಆಣೆಯಿಟ್ಟ: ಮಾತಾಡೆ, ಮಾತಾಡಿಸೆ,
'ಒಪ್ಪಿಗೆ ಆಯಿತಾ ಸ್ವಾಮಿ' ಅನ್ನುವುದೊಂದು ಬಿಟ್ಟು.
ಒಳಗೆ ಆದದ್ದನ್ನು ಯಾರೂ ಬರೆದಿಲ್ಲ, ಬರೆಯಕೂಡದು.
ಉಳಿದಿರುವುದು ಹೋಟೆಲಿನ ರಸೀದಿ:
ಇಡ್ಲಿ ಹದಿನೆಂಟು. ವಾಪಸು ಬಂದದ್ದು ಏಳು.

ಆ ಏಳು ಇಡ್ಲಿಯನ್ನೇ ಮಧ್ಯಾಹ್ನವೆಲ್ಲ ಯೋಚಿಸಿದೆ.
ಹುಟ್ಟಿದಂದಿನಿಂದ ಯಾರದೋ ಕೈಯನ್ನು ನಂಬಿ ಉಂಡವರು.
ರಾತ್ರಿ ಮನೆಗೆ ಹೋಗಿ, ಕಾಲು ತೊಳೆದು,
ಮುದ್ದೆ ಮುರಿಯುವ ಮುನ್ನ
ಒಮ್ಮೆ ಅವಳ ಮುಖ ನೋಡಿರಬೇಕು.
ಅವಳೂ ನೋಡಿರಬೇಕು.

ಐವರು ಒಂದು ಕಡೆ, ನಾಲ್ವರು ಒಂದು ಕಡೆ.
ಯಾವ ಕಡೆ ಯಾವುದು ಎಂಬ ಹಾಳೆ ಗೆದ್ದಲಿನ ಪಾಲು.

ಡಬ್ಬ ಒರೆಸುವಾಗ ಕೀಲಿನ ಸಂದಿಯಲ್ಲಿ ಸಿಕ್ಕಿತು,
ಉಗುರಿನಿಂದ ಕೀಳಬೇಕಾಯಿತು:
'೩೧. ಗಾಣದ ಯರ್ರಪ್ಪ, ಟೇಕಲ್.'
ಹುಡುಗನ ಕೈ ಎಲ್ಲವನ್ನೂ ಕಲಸಿತ್ತು, ಇದೊಂದನ್ನು ಬಿಟ್ಟು.

ಯರ್ರಪ್ಪ ಕೋಳಿ ಕೂಗುವ ಮುಂಚೆ ಎದ್ದು
ಇದ್ದೊಂದು ಕೋಟು ಹಾಕಿಕೊಂಡು
ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಬಂದು
ಈ ಬೇವಿನ ಕೆಳಗೇ ಕೂತಿದ್ದನೇನೋ.
ಹೆಸರು ಕೂಗಲಿಲ್ಲವೆಂದು ಮುಖ ಸಣ್ಣದು ಮಾಡಿದನೋ,
ಪೀಡೆ ಕಳೆಯಿತೆಂದು ಬೀಡಿ ಹಚ್ಚಿದನೋ.
ಎಣ್ಣೆಗೆ ಏನು ಬೆರೆಸಿದ್ದಾರೆಂದು ಮೂಸಿಯೇ ಹೇಳುವವನು.
ಮಾತನ್ನೂ ಮೂಸುತ್ತಿದ್ದನೋ?
ಅಥವಾ ಅವನೂ ಇಡ್ಲಿ ಬಿಡುತ್ತಿದ್ದನೋ,
ಎಂಟು, ಒಂಬತ್ತು.

ಐದೂವರೆಗೆ ಮೇಲ್ವಿಚಾರಕರು ಕೂಗಿದರು, 'ಆಯ್ತೇನಮ್ಮಾ?'
ಕಡತಕ್ಕೆ ಮುದ್ರೆ ಒತ್ತಿದೆ.
ಚೀಟಿಯನ್ನು ಸೀಳಿನಲ್ಲಿ ಇಳಿಬಿಟ್ಟೆ.
ಬಿದ್ದದ್ದು ಕೇಳಿಸಲಿಲ್ಲ, ಕಾಗದಕ್ಕೆ ಅಷ್ಟು ತೂಕವಿಲ್ಲ.
ವಸ್ತುಪಟ್ಟಿಯಲ್ಲಿ ಬರೆದೆ: ತಗಡಿನ ಡಬ್ಬ, ಒಂದು.
ಸ್ಥಿತಿ ಎಂಬ ಕಾಲಮ್ಮಿನಲ್ಲಿ
ನಮ್ಮಲ್ಲಿ ಎಲ್ಲರೂ ಬರೆಯುವುದು 'ಖಾಲಿ'.
ನಾನೂ ಅದನ್ನೇ ಬರೆದು,
ಇನ್ನೆರಡು ಅಕ್ಷರ ಸೇರಿಸಿದೆ.